ಕಾರ್ಖಾನೆ ಮಹಾಸಭೆಯಲ್ಲಿ ಒಂದೇ ಪ್ರಶ್ನೆ ಕೇಳೋದಾದರೆ ಏನು ಕೇಳಬೇಕು?

ಚಿಂಚವಾಡದ ಚಿಕ್ಕೋಡಿಯವ
ಭಾನುವಾರ, ರಾತ್ರಿ 10.20

ನಮಸ್ಕಾರ. ಪುಣೆ, ಮುಂಬೈ, ಗೋವಾ ಕಡೆ ಇರುವ ನಮ್ಮ ಮಂದಿಯಲ್ಲಿ ಊರಿನ ಹೊಲ, ಸೊಸೈಟಿ, ಡೈರಿ ಜೊತೆ ಇನ್ನೂ ನಂಟು ಇಟ್ಟುಕೊಂಡವರು ಬಹಳ ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪ ಹೋಗಿ ಎರಡು ವರ್ಷ ಆಯಿತು. ಅವರ ಹೆಸರಲ್ಲಿದ್ದ ಸಹಕಾರಿ ಸಕ್ಕರೆ ಕಾರ್ಖಾನೆಯ ಶೇರು ಈ ಮೇ ತಿಂಗಳಲ್ಲಿ ನನ್ನ ಹೆಸರಿಗೆ ಬಂತು. ಒಂದೇ ಒಂದು ಶೇರು. ಟ್ರಂಕಿನ ತಳದಲ್ಲಿ, ಅಕ್ಕನ ಲಗ್ನಪತ್ರಿಕೆಯ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದರು. ಮೂರೂವರೆ ಎಕರೆ ಕಬ್ಬು ಇದೆ. ಕಾಕಾ ನೋಡಿಕೊಳ್ಳುತ್ತಾರೆ. ನಾನು ಇಲ್ಲಿ ಭೋಸರಿಯಲ್ಲಿ ಡೈ ಡಿಸೈನ್ ಮಾಡಿಕೊಂಡು ಇದ್ದೇನೆ. ಕಬ್ಬಿನ ಬಗ್ಗೆ ನನಗೆ ಗೊತ್ತಿರೋದು ತಿನ್ನೋದಷ್ಟೇ.

ಮೊನ್ನೆ ಮಹಾಸಭೆಯ ನೋಟಿಸು ಬಂತು, ಜೊತೆಗೆ ಬಣ್ಣದ ವಾರ್ಷಿಕ ವರದಿ. ಮೊದಲ ಒಂಬತ್ತು ಪುಟ ಬರೀ ಫೋಟೋ. 14ನೇ ಪುಟದಲ್ಲಿ 'ಸಾಮಾಜಿಕ ಹೊಣೆಗಾರಿಕೆ ಮತ್ತು ಸುಸ್ಥಿರ ಅಭಿವೃದ್ಧಿ' ಅಂತ ದಪ್ಪ ಅಕ್ಷರ. ಕೆಳಗೆ ಮೂರೇ ಸಾಲು. ಸಮುದಾಯ ಭವನಕ್ಕೆ ಹಣ, ಊರ ಬಾಗಿಲಿಗೆ ಕಮಾನು, ವನಮಹೋತ್ಸವ. ವನಮಹೋತ್ಸವದ ಫೋಟೋದಲ್ಲಿ ಒಂದು ಸಸಿ, ಅದಕ್ಕೆ ಏಳು ಜನರ ಕೈ.

ಸಭೆಯಲ್ಲಿ ಸದಸ್ಯರು ಪ್ರಶ್ನೆ ಕೇಳಬಹುದಂತೆ. ಒಂದು ಕೇಳುವಷ್ಟರಲ್ಲಿ ಮೈಕ್ ಕಿತ್ತುಕೊಳ್ಳುತ್ತಾರೆ ಅನ್ನುತ್ತಾರೆ ಕಾಕಾ. ಹಾಗಾದರೆ ಆ ಒಂದು ಪ್ರಶ್ನೆ ಯಾವುದು? ಕಾರ್ಖಾನೆ ಹೆಸರು ಹೇಳುವುದಿಲ್ಲ. ದಯವಿಟ್ಟು ಊಹೆ ಮಾಡಲೂ ಹೋಗಬೇಡಿ.

ಹಿಂಜವಡಿ ಹೈರಾಣ
ಭಾನುವಾರ, ರಾತ್ರಿ 10.41

ಬ್ರೋ, ಹೋಗಿ ಸದಸ್ಯರಿಗೆ ಕೊಡೋ ಕಡಿಮೆ ರೇಟಿನ ಸಕ್ಕರೆ ಇಸ್ಕೊಂಡು, ಊಟ ಮಾಡಿ ಬಾ. ನಮ್ಮ ಕಡೆ ಕಾರ್ಖಾನೆ ಅಂದರೆ ಎಂಎಲ್‌ಎ ಆಗೋರು ತಾಲೀಮು ಮಾಡೋ ಗರಡಿಮನೆ. ಪ್ರಶ್ನೆ ಕೇಳಲೇಬೇಕು ಅಂದರೆ ಆ ಕಮಾನಿನ ಮೇಲೆ ಯಾರ ಹೆಸರು ಕೆತ್ತಿಸ್ತಾರೆ ಅಂತ ಕೇಳು. ಉತ್ತರ ತಕ್ಷಣ ಸಿಗತ್ತೆ.

ಮಾಟುಂಗಾದ ನಿವೃತ್ತ
ಸೋಮವಾರ, ಬೆಳಿಗ್ಗೆ 6.15

ಹೈರಾಣ ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಇದು ನಮ್ಮದೇ ಮನೆಯ ಸರಕು ಕಣ್ರೀ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದಾಗ ಆ ಊರು ಮುಂಬೈ ಪ್ರಾಂತ್ಯದಲ್ಲಿತ್ತು. ಮರುವರ್ಷವೇ ಇಲ್ಲಿ ಮುಂಬೈಯಲ್ಲಿ ತಲ್ಮಕಿಯವರು ಶಾಮರಾವ್ ವಿಠ್ಠಲ್ ಬ್ಯಾಂಕ್ ಶುರು ಮಾಡಿದರು. ಕೆನರಾದಿಂದ ಬಂದ ಕಾರಕೂನರು ಬಡ್ಡಿಯವರ ಕೈಗೆ ಸಿಕ್ಕಿ ಒದ್ದಾಡುವುದು ಬೇಡ ಅಂತ. ಆಗ 'ಸಾಮಾಜಿಕ ಹೊಣೆಗಾರಿಕೆ' ಅಂತ ಬೇರೆ ಪುಟ ಇರಲಿಲ್ಲ. ಸಂಘವೇ ಆ ಹೊಣೆ.

ನಾನು 34 ವರ್ಷ ಒಂದು ಸಹಕಾರಿ ಬ್ಯಾಂಕಿನಲ್ಲಿ ಇದ್ದವನು. ಅದರಿಂದ ಒಂದು ವಿಷಯ ಹೇಳುತ್ತೇನೆ. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಅನ್ನುವುದು 2013ರ ಕಂಪನಿ ಕಾಯ್ದೆಯ ಮಾತು. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ ಅದರಲ್ಲಿದೆ. ಸಹಕಾರ ಸಂಘ ಕಂಪನಿ ಅಲ್ಲ, ಅದಕ್ಕೆ ಆ ನಿಯಮ ಇಲ್ಲ. ಕಂಪನಿಗೆ ಮಾಲೀಕ ಬೇರೆ, ಊರು ಬೇರೆ. ಹಾಗಾಗಿ ಲಾಭದಲ್ಲಿ ಒಂದು ಚೂರು ಊರಿಗೆ ಅಂತ ತೆಗೆದಿಡಬೇಕು. ನಿಮ್ಮ ಕಾರ್ಖಾನೆಯಲ್ಲಿ ಮಾಲೀಕರೂ ಊರಿನವರೇ ಅಲ್ವಾ? 14ನೇ ಪುಟ ಕಂಪನಿಗಳ ವರದಿ ನೋಡಿ ನಕಲು ಹೊಡೆದಿದ್ದು.

ನಮ್ಮ ಪದ್ಧತಿಗೆ ನಮ್ಮದೇ ತತ್ವ ಇದೆ. 1995ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಏಳು ತತ್ವ ಒಪ್ಪಿಕೊಂಡಿತು. ಏಳನೆಯದು ಸಮುದಾಯದ ಕಾಳಜಿ. ಸದಸ್ಯರೇ ಒಪ್ಪಿದ ನೀತಿಯಿಂದ ಸಮುದಾಯದ ಸುಸ್ಥಿರ ಅಭಿವೃದ್ಧಿಗೆ ದುಡಿಯಬೇಕು ಅಂತ ಅದರ ಸಾರ. ಸದಸ್ಯರೇ ಒಪ್ಪಿದ ನೀತಿ, ಗಮನಿಸಿ. ಆ ಭವನ ಬೇಕು ಅಂತ ಯಾವ ಸದಸ್ಯ ಕೇಳಿದ್ದ?

ಹಾಗಂತ ನಾವೇನು ಸಾಚಾ ಅಲ್ಲ. ನಮ್ಮ ಬ್ಯಾಂಕಿನಲ್ಲೂ ಒಂದು ವರ್ಷ ಸದಸ್ಯರಿಗೆಲ್ಲ ಗೋಡೆ ಗಡಿಯಾರ ಹಂಚಿದರು. ನಮ್ಮ ಅಡುಗೆಮನೆಯಲ್ಲಿ ಇನ್ನೂ ಓಡುತ್ತಿದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ.

ಹಡಪಸರದ ಮಣ್ಣು
ಸೋಮವಾರ, ಮಧ್ಯಾಹ್ನ 1.05

ಮಣ್ಣು, ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಹಾಗಾಗಿ ನನ್ನ ಓಟು ನೀರಿಗೆ.

ಮಹಾರಾಷ್ಟ್ರದಲ್ಲಿ ಕಬ್ಬು ಇರುವುದು ಸಾಗುವಳಿ ಜಮೀನಿನ ಶೇ. 4ರಲ್ಲಿ. ಅದು ನೀರಾವರಿ ನೀರಿನ ಸುಮಾರು ಶೇ. 70 ಕುಡಿಯುತ್ತದೆ ಅಂತ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೇ ಹೇಳಿದೆ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಕಳಿಸಿದರು, ನೆನಪಿದೆಯಾ? ಆ ಲಾತೂರು ಜಿಲ್ಲೆಯಲ್ಲೂ ಕಬ್ಬಿದೆ, ಕಾರ್ಖಾನೆಗಳೂ ಇವೆ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಕಬ್ಬಿಗೆ ಹನಿ ನೀರಾವರಿ ಕಡ್ಡಾಯ ಅಂತ ತೀರ್ಮಾನ ಮಾಡಿತು. ಈಗಲೂ ಸೋಲಾಪುರ ರಸ್ತೆಯಲ್ಲಿ ಹೋದರೆ ಸಾಲಿನ ತುಂಬ ಹಾಯಿ ನೀರು ನಿಂತಿರೋದು ಕಾಣುತ್ತದೆ.

ಇದಕ್ಕೆ ಉಲ್ಟಾ ಉದಾಹರಣೆ ಪುಣೆಯ ಪಕ್ಕದಲ್ಲೇ ಇದೆ. ಪುರಂದರ ತಾಲ್ಲೂಕಿನ ನಾಯಗಾಂವ್. 1972ರ ಬರ ನೋಡಿ ಇಂಜಿನಿಯರ್ ವಿಲಾಸರಾವ್ ಸಾಳುಂಖೆ ಅಲ್ಲಿ ಪಾನಿ ಪಂಚಾಯತ್ ಶುರು ಮಾಡಿದರು. ನೀರಿನ ಪಾಲು ಜಮೀನಿನ ಲೆಕ್ಕದಲ್ಲಿ ಅಲ್ಲ, ತಲೆ ಲೆಕ್ಕದಲ್ಲಿ. ತಲೆಗೆ ಅರ್ಧ ಎಕರೆಗೆ ಆಗುವಷ್ಟು, ಮನೆಗೆ ಎರಡೂವರೆ ಎಕರೆ ಮೀರದ ಹಾಗೆ. ಜಮೀನಿಲ್ಲದವರಿಗೂ ಪಾಲು. ಜಮೀನು ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗಲ್ಲ. ಕಬ್ಬು ಹಾಕುವಂತಿಲ್ಲ. ಸಹಕಾರ ಅಂದರೆ ನನಗೆ ಮೊದಲು ನೆನಪಾಗೋದು ಇದು, ಸಕ್ಕರೆ ಚೀಲ ಅಲ್ಲ.

ಚಿಕ್ಕೋಡಿಯವರೇ, ನಿಮ್ಮ ಮೂರೂವರೆ ಎಕರೆಯಲ್ಲಿ ಸವಳು, ಅಂದರೆ ಉಪ್ಪು ಹಿಡಿದ ನೆಲ, ಎಷ್ಟಿದೆ?

ಚಿಂಚವಾಡದ ಚಿಕ್ಕೋಡಿಯವ
ಸೋಮವಾರ, ರಾತ್ರಿ 9.30

ಸರ್, ಕಾಕಾಗೆ ಫೋನ್ ಮಾಡಿ ಕೇಳಿದೆ. ಹಳ್ಳದ ಕಡೆ ಅರ್ಧ ಎಕರೆ ಹೋಗಿದೆಯಂತೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಬರತ್ತೆ. ಚಿಕ್ಕವನಿದ್ದಾಗ ನಾನೂ ಅಕ್ಕನೂ ಅದನ್ನು ಬೆರಳಲ್ಲಿ ತೆಗೆದು ನೆಕ್ಕಿ ಉಗುಳುತ್ತಿದ್ದೆವು. ಅದು ರೋಗ ಅಂತ ಗೊತ್ತಿರಲಿಲ್ಲ.

ಹಡಪಸರದ ಮಣ್ಣು
ಸೋಮವಾರ, ರಾತ್ರಿ 9.52

ಅದೇ ಸವಳು-ಜವಳು. ನೀರು ಜಾಸ್ತಿ ಬಿಟ್ಟು, ಬಸಿಯೋಕೆ ದಾರಿ ಇಲ್ಲದೆ, ಕೆಳಗಿನ ಉಪ್ಪು ಮೇಲೆ ಬರುತ್ತದೆ. ಕೃಷ್ಣಾ ದಂಡೆಯಲ್ಲಿ ಸಾಂಗಲಿಯಿಂದ ಅಥಣಿವರೆಗೆ ಇದೇ ಕಥೆ. ಒಬ್ಬನೇ ಸರಿ ಮಾಡೋಕೆ ಆಗಲ್ಲ. ನೆಲದಡಿ ತೂತಿನ ಪೈಪು ಹಾಕಿ ಬಸಿದ ನೀರನ್ನು ಹಳ್ಳಕ್ಕೆ ಬಿಡಬೇಕು. ಆ ಪೈಪು ಪಕ್ಕದವನ ಹೊಲ ದಾಟಲೇಬೇಕು. ಇಂಥ ಕೆಲಸಕ್ಕೇ ಸಹಕಾರ ಬೇಕಾಗೋದು. ಕೊಲ್ಹಾಪುರ ಜಿಲ್ಲೆ ಶಿರೋಳದ ದತ್ತ ಸಹಕಾರಿ ಕಾರ್ಖಾನೆಯವರು ರೈತರನ್ನು ಗುಂಪು ಮಾಡಿ ಇದನ್ನೇ ಮಾಡಿದ್ದಾರೆ. ಬೆಳೆ ಬಾರದ ಜಮೀನಲ್ಲಿ ಮತ್ತೆ ಕಬ್ಬು ಬಂದಿದೆ. ನಿಮ್ಮ ಊರಿಂದ ದೂರ ಏನಿಲ್ಲ, ಒಂದು ದಿನ ಹೋಗಿ ನೋಡಿ.

ಫೋಂಡಾ ಕಿರಾಣಿ
ಮಂಗಳವಾರ, ಬೆಳಿಗ್ಗೆ 11.10

ನಾನು ಹಳಿಯಾಳದವ. ಗೋವಾಕ್ಕೆ ಬಂದು 22 ವರ್ಷ. ನಮ್ಮ ಗಿರಾಕಿಗಳಲ್ಲಿ ಧಾರಬಾಂದೋಡಾ ಕಡೆಯ ಕಬ್ಬಿನವರು ಇದ್ದಾರೆ. ಗೋವಾಕ್ಕೆ ಇದ್ದದ್ದು ಒಂದೇ ಕಾರ್ಖಾನೆ, ಸಂಜೀವನಿ, ಅದೂ ಸಹಕಾರಿ. 2019ರ ನಂತರ ಅದು ಕಬ್ಬು ನುರಿಸಿಲ್ಲ. ಭವನ ಕಟ್ಟಿದರು, ಕಮಾನು ಕಟ್ಟಿದರು ಅಂತ ನೀವು ಬೈತಿದ್ದೀರಿ. ಮೊದಲು ಕಾರ್ಖಾನೆ ಓಡಬೇಕಲ್ಲ ಮಾರಾಯ್ರೇ! ಮಷಿನ್ ಹಳೇದಾದಾಗ ಬದಲಾಯಿಸೋಕೆ ಹಣ ಉಳಿಸೋದೂ ಹೊಣೆಗಾರಿಕೆಯೇ. ನಮ್ಮ ಗಿರಾಕಿ ಒಬ್ಬರು ಕಬ್ಬು ತೆಗೆದು ಅಡಿಕೆ ಹಾಕಿದ್ದಾರೆ. ಅಡಿಕೆ ಫಲ ಕೊಡೋಕೆ ಐದಾರು ವರ್ಷ. ಅಲ್ಲಿವರೆಗೆ ನಮ್ಮ ಅಂಗಡಿಯಲ್ಲಿ ಉದ್ರಿ.

ಇಲ್ಲಿ ಚೆನ್ನಾಗಿ ಓಡುತ್ತಿರುವುದು ಗೋವಾ ಬಾಗಾಯತದಾರ. ಅಡಿಕೆ, ಗೋಡಂಬಿ ಬೆಳೆಗಾರರ ಸಂಘ. ಅವರ ಬಜಾರ್‌ನಿಂದ ನನ್ನ ವ್ಯಾಪಾರಕ್ಕೆ ಪೆಟ್ಟು. ಆದರೂ ಹೇಳುತ್ತೇನೆ, ತೂಕ ಸರಿ ಇರುತ್ತದೆ.

ತಾಂಡಾದ ಮಗಳು
ಮಂಗಳವಾರ, ರಾತ್ರಿ 11.35

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಸುಮ್ಮನಿದ್ದೆ.

ನಾನು ವಿಜಯಪುರ ಜಿಲ್ಲೆಯ ಒಂದು ತಾಂಡಾದವಳು. ಈಗ ಪುಣೆಯ ವಡಗಾಂವ ಶೇರಿಯಲ್ಲಿದ್ದೇನೆ, ನರ್ಸ್. ನಮ್ಮಪ್ಪ ಅವ್ವ 19 ವರ್ಷ ಕಬ್ಬು ಕಡಿದರು. ಸಾಂಗಲಿ, ಕೊಲ್ಹಾಪುರ, ಒಂದೆರಡು ಸಲ ಚಿಕ್ಕೋಡಿ ಕಡೆಯೂ. ದೀಪಾವಳಿ ಮುಗಿದ ಮೇಲೆ ಟ್ರ್ಯಾಕ್ಟರ್ ಬರೋದು. ಪಾತ್ರೆ, ಹಾಸಿಗೆ, ಕೋಳಿ, ನಾನು, ತಮ್ಮ. ಯುಗಾದಿ ಹೊತ್ತಿಗೆ ವಾಪಸ್.

ಇಲ್ಲಿ ನೀರು, ಮಣ್ಣು, ಮಷಿನ್ ಎಲ್ಲ ಬಂತು. ಕಬ್ಬು ತಾನಾಗೇ ಟ್ರಾಲಿ ಹತ್ತುತ್ತದೆ ಅನ್ನೋ ಥರ ಮಾತಾಡುತ್ತಿದ್ದೀರಿ.

ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ 'ಒಂದು ಕೊಯ್ತಾ' ಅನ್ನುತ್ತಾರೆ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಮುಕಾದಮ, ಅಂದರೆ ಕಡಿಯೋರನ್ನು ಕರೆತರುವ ಮೇಸ್ತ್ರಿ, ಮುಂಗಡ ಕೊಡೋದು ಕೊಯ್ತಾ ಲೆಕ್ಕದಲ್ಲಿ, ಅಪ್ಪನ ಕೈಗೆ. ಅವ್ವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಒಂದು ದಿನ ಕೆಲಸ ತಪ್ಪಿದರೆ ದಂಡ, ಅದಕ್ಕೆ 'ಖಾಡಾ' ಅಂತ ಹೆಸರು. ಜ್ವರ ಬಂದರೂ ಖಾಡಾ, ಮುಟ್ಟಾದರೂ ಖಾಡಾ. ಅವ್ವ ಮೋಳಿ (ಕಬ್ಬಿನ ಹೊರೆ) ಕಟ್ಟಿ ತಲೆ ಮೇಲೆ ಹೊತ್ತು, ಹಲಗೆ ಹತ್ತಿ ಟ್ರಾಲಿಗೆ ಹಾಕೋಳು. ನಾನು ತಮ್ಮನನ್ನು ರವದಿ (ಕಬ್ಬಿನ ಒಣ ಎಲೆ) ರಾಶಿ ಮೇಲೆ ಕೂರಿಸಿಕೊಂಡು ನೋಡ್ತಿದ್ದೆ. ರಾತ್ರಿ ಎರಡಕ್ಕೆ ಗಾಡಿ ಬಂದರೂ ಎದ್ದು ತುಂಬಬೇಕು.

2019ರಲ್ಲಿ ಗರ್ಭಕೋಶದ ಸುದ್ದಿ ಬಂತಲ್ಲ, ಓದಿರುತ್ತೀರಿ. ಅದರ ತನಿಖೆಗೆ ಮಹಾರಾಷ್ಟ್ರ ಸರ್ಕಾರ ಮಾಡಿದ ನೀಲಂ ಗೋರ್ಹೆ ಅವರ ಸಮಿತಿ ಇತ್ತು. ಬೀಡ್ ಜಿಲ್ಲೆಯಲ್ಲಿ 82 ಸಾವಿರಕ್ಕೂ ಹೆಚ್ಚು ಕಬ್ಬು ಕಡಿಯೋ ಹೆಂಗಸರನ್ನು ಸಮೀಕ್ಷೆ ಮಾಡಿದಾಗ 13 ಸಾವಿರಕ್ಕೂ ಹೆಚ್ಚು ಜನಕ್ಕೆ ಗರ್ಭಕೋಶ ತೆಗೆದಿತ್ತು. ನಾನು ಆಸ್ಪತ್ರೆಯಲ್ಲಿ ಅಂಥವರನ್ನು ನೋಡಿದ್ದೇನೆ. ಮೂವತ್ತು ಕೂಡ ಆಗಿರಲ್ಲ.

ನೀವು ಹೇಳುವ ಏಳನೇ ತತ್ವದ ಸಮುದಾಯದಲ್ಲಿ ನಾವು ಬರ್ತೀವಾ ಸರ್? ವರ್ಷದಲ್ಲಿ ಐದು ತಿಂಗಳು ಅದೇ ಊರಲ್ಲಿ ಇರ್ತಿದ್ವಿ.

ಹಿಂಜವಡಿ ಹೈರಾಣ
ಬುಧವಾರ, ಬೆಳಿಗ್ಗೆ 8.20

ಅಕ್ಕ, ಬೇಜಾರಾಗಬೇಡಿ. ರೈತರ ಕಡೆಯಿಂದ ಒಂದು ಮಾತು. ಕಬ್ಬು ಕಡಿಯೋ ಗ್ಯಾಂಗಿನವರು ನಮ್ಮ ಹತ್ರ ಎಕರೆಗೆ ಇಷ್ಟು ಅಂತ ಮೇಲೆ ದುಡ್ಡು ಕೇಳ್ತಾರೆ. ಕೊಡದಿದ್ದರೆ ಕಬ್ಬು ಹಾಗೇ ಒಣಗತ್ತೆ. ಗಾಡಿ ಡ್ರೈವರ್‌ಗೆ ಎಂಟ್ರಿ ಅಂತ ಬೇರೆ ದುಡ್ಡು. ಅದೂ ಸುಲಿಗೆನೇ ಅಲ್ವಾ? ಮತ್ತೆ ಕೆಲವು ಮುಕಾದಮರು ಮುಂಗಡ ತಿಂದು ಓಡಿಹೋದದ್ದೂ ಇದೆ. ಆ ಸಾಲ ಟ್ರ್ಯಾಕ್ಟರ್ ಮಾಲೀಕನ ತಲೆ ಮೇಲೆ.

ತಾಂಡಾದ ಮಗಳು
ಬುಧವಾರ, ಮಧ್ಯಾಹ್ನ 2.45

ಬೇಜಾರಿಲ್ಲ. ಕೇಳೋದು ನಿಜ, ನಮ್ಮಪ್ಪನೂ ಕೇಳಿದ್ದಾನೆ. ಟನ್ನಿಗೆ ಸಿಗೋದರಲ್ಲಿ ಮುಂಗಡ ತೀರದೇ ಇದ್ದರೆ ಮುಂದಿನ ವರ್ಷವೂ ಅದೇ ಮುಕಾದಮನ ಹಿಂದೆ ಹೋಗಬೇಕು. ಹಾಗಾಗಿ ರೈತನ ಹತ್ರ ಕೀಳೋದು, ಸೋಗೆ (ಕಬ್ಬಿನ ತುದಿಯ ಹಸಿರು ಗರಿ) ಕಟ್ಟು ಮಾರೋದು. ನೀವು ನಮ್ಮನ್ನು ಬೈತೀರಿ, ನಾವು ನಿಮ್ಮನ್ನು ಬೈತೀವಿ. ಕಾರ್ಖಾನೆಯವರು ಇಬ್ಬರ ನಡುವೆ ಆರಾಮಾಗಿ 'ಇವರು ನಮ್ಮ ಕೆಲಸದವರಲ್ಲ, ಮುಕಾದಮನ ಜನ' ಅನ್ನುತ್ತಾರೆ.

ಚಿಕ್ಕೋಡಿ ಅಣ್ಣ, ನಿಮ್ಮ ಅಪ್ಪನ ಹಳೇ ಕಬ್ಬಿನ ಬಿಲ್ ಇದ್ದರೆ ತೆಗೆದು ನೋಡಿ. ಕಟಾವು ಅಂತ ಎಷ್ಟು ಹಿಡಿದಿದ್ದಾರೆ?

ಚಿಂಚವಾಡದ ಚಿಕ್ಕೋಡಿಯವ
ಬುಧವಾರ, ರಾತ್ರಿ 10.05

ಅಕ್ಕ, ಅದೇ ಪ್ಲಾಸ್ಟಿಕ್ ಚೀಲದಲ್ಲಿ ಅಪ್ಪನ ಕೊನೆಯ ಬಿಲ್ ಸಿಕ್ಕಿತು. 112 ಟನ್. ಮೇಲೆ ಸರ್ಕಾರ ನಿಗದಿ ಮಾಡಿದ ದರ. ಕೆಳಗೆ ಸಣ್ಣ ಅಕ್ಷರದಲ್ಲಿ ಕಡಿತಗಳು. ಸೊಸೈಟಿ ಸಾಲ, ಗೊಬ್ಬರ, ಶೇರು ಬಾಕಿ, ದೇವಸ್ಥಾನ ಜೀರ್ಣೋದ್ಧಾರ (ಇದನ್ನು ಅಪ್ಪ ಒಪ್ಪಿದ್ದರೋ ಇಲ್ಲವೋ ದೇವರಿಗೇ ಗೊತ್ತು). ಆಮೇಲೆ 'ಕಟಾವು ಮತ್ತು ಸಾಗಾಣಿಕೆ', ಎಲ್ಲಕ್ಕಿಂತ ದೊಡ್ಡ ಮೊತ್ತ. ಅಂದರೆ ಕಬ್ಬು ಕಡಿಸಿದ ಹಣ ಕಾರ್ಖಾನೆಯದ್ದಲ್ಲ, ನಮ್ಮದು! ನನಗೆ ಇಷ್ಟು ದಿನ ಇದು ಗೊತ್ತೇ ಇರಲಿಲ್ಲ. ಅದರಲ್ಲಿ ಕಡಿದವರಿಗೆ ಎಷ್ಟು, ಮುಕಾದಮನಿಗೆ ಎಷ್ಟು, ಟ್ರ್ಯಾಕ್ಟರ್‌ಗೆ ಎಷ್ಟು, ಒಂದೂ ಬರೆದಿಲ್ಲ.

ಕಾಕಾ ಮಾತ್ರ 'ಬಿಲ್ ಯಾವಾಗ ಕೊಡ್ತೀರಿ ಅಂತ ಕೇಳು, ಉಳಿದದ್ದು ಆಮೇಲೆ' ಅನ್ನುತ್ತಿದ್ದಾರೆ. ಈ ಸಲ ಮೂರು ತಿಂಗಳು ತಡ.

ಮಾಟುಂಗಾದ ನಿವೃತ್ತ
ಗುರುವಾರ, ಬೆಳಿಗ್ಗೆ 6.30

ಕಾಕಾ ಹೇಳುವುದರಲ್ಲಿ ತಪ್ಪಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. 2025-26ರ ಹಂಗಾಮಿಗೆ ಕೇಂದ್ರದ ದರ ಕ್ವಿಂಟಲ್‌ಗೆ 355 ರೂಪಾಯಿ, ಕಬ್ಬಿನಿಂದ ಸಕ್ಕರೆ ಇಳುವರಿ ಶೇ. 10.25 ಇದ್ದರೆ. ಈ ಬಡ್ಡಿ ಬಿಟ್ಟು ಭವನ ಕಟ್ಟಿಸಿದರೆ ಅದು ಸದಸ್ಯನ ಜೇಬಿಂದ ತೆಗೆದು ಸದಸ್ಯನಿಗೇ ದಾನ ಕೊಟ್ಟ ಹಾಗೆ.

ತಾಂಡಾದ ಮಗಳ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ. ಎರಡು ಸಲ ಬರೆದು ಅಳಿಸಿದೆ. ಬರ್ತೀರಿ ತಾಯಿ. ಬರಬೇಕಿತ್ತು. ನಾವು ಸದಸ್ಯ ಅನ್ನುವ ಪದಕ್ಕೆ ಬೇಲಿ ಹಾಕಿಕೊಂಡೆವು.

ಮಹಾರಾಷ್ಟ್ರದ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆ 1950ರಲ್ಲಿ ಶುರುವಾದಾಗ ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ಗಾಡ್ಗೀಳರೇ ಮೊದಲ ಅಧ್ಯಕ್ಷರು. ಸಣ್ಣ ರೈತ ಖಾಸಗಿ ಕಾರ್ಖಾನೆಯ ಬಾಗಿಲಲ್ಲಿ ಕೈಮುಗಿದು ನಿಲ್ಲಬಾರದು ಅಂತ ಕಟ್ಟಿದ್ದು. ಆ ಕೈಮುಗಿಯುವ ಜಾಗ ಈಗ ಬೇರೆಯವರಿಗೆ ಹೋಗಿದೆ, ಅಷ್ಟೇ.

ಪ್ರಶ್ನೆಯನ್ನು ಬಿಲ್ಲಿನಿಂದಲೇ ಎತ್ತಿ. ಕಡಿತ ನಿಮ್ಮದು, ಲೆಕ್ಕ ಕೇಳುವ ಹಕ್ಕೂ ನಿಮ್ಮದು. ಯಾರೂ 'ನಿನಗ್ಯಾಕೆ' ಅನ್ನೋಕೆ ಆಗಲ್ಲ.

ಹಡಪಸರದ ಮಣ್ಣು
ಗುರುವಾರ, ಬೆಳಿಗ್ಗೆ 9.15

ನಾನು ನನ್ನ ಓಟು ಬದಲಾಯಿಸಿದೆ. ನೀರು ಮುಂದಿನ ವರ್ಷಕ್ಕಿರಲಿ. ಆದರೆ ರವದಿ ಸುಡಬೇಡಿ ಅಂತ ಕಾಕಾಗೆ ಹೇಳಿ, ಸಾಲಲ್ಲೇ ಹರಡಿದರೆ ಕೂಳೆ ಬೆಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ತೇವ ನಿಲ್ಲುತ್ತದೆ.

ಫೋಂಡಾ ಕಿರಾಣಿ
ಗುರುವಾರ, ಮಧ್ಯಾಹ್ನ 12.40

ಬರವಣಿಗೆಯಲ್ಲಿ ತಗೊಂಡು ಹೋಗಿ. ಎರಡು ಪ್ರತಿ. ಒಂದರ ಮೇಲೆ ಸೀಲು ಹೊಡೆಸಿಕೊಳ್ಳಿ. ಬಾಯಿ ಮಾತು ಸಭೆಯಲ್ಲಿ ಹಾರಿಹೋಗತ್ತೆ.

ಚಿಂಚವಾಡದ ಚಿಕ್ಕೋಡಿಯವ
ಹನ್ನೊಂದು ದಿನದ ನಂತರ, ರಾತ್ರಿ 11.50

ಸಭೆ ಮುಗಿಸಿ ಈಗ ತಾನೇ ಸ್ವಾರಗೇಟ್‌ನಲ್ಲಿ ಇಳಿದೆ. ರಿಕ್ಷಾದಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಹತ್ತೂವರೆಗೆ ಅಂತ ಇದ್ದದ್ದು ಹನ್ನೆರಡಕ್ಕೆ ಶುರುವಾಯಿತು. ಶಾಲು, ಹಾರ, ಪೇಟ ಅಂತ ಒಂದು ಗಂಟೆ. ಎಲ್ಲ ವಿಷಯಕ್ಕೂ 'ಮಂಜೂರ್, ಮಂಜೂರ್' ಅಂತ ಮುಂದಿನ ಸಾಲಿನವರು ಕೂಗುತ್ತಿದ್ದರು. ಸಮುದಾಯ ಭವನವೂ ಹಾಗೇ ಮಂಜೂರಾಯಿತು. ನಾನು ಕೈ ಎತ್ತಿದಾಗ ಅದು ಮುಗಿದೇ ಹೋಗಿತ್ತು.

ಆದರೂ ಮೈಕ್ ಸಿಕ್ಕಿತು. ಅಪ್ಪನ ಬಿಲ್ ಹಿಡಿದು ಕೇಳಿದೆ. ಕಟಾವು ಅಂತ ಹಿಡಿದ ಹಣದಲ್ಲಿ ಕಬ್ಬು ಕಡಿದವರ ಕೈಗೆ ಟನ್ನಿಗೆ ಎಷ್ಟು ಹೋಗುತ್ತದೆ, ಅದನ್ನು ಮುಂದಿನ ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸ್ತೀರಾ, ಅವರ ಬಿಡಾರದಲ್ಲಿ ನೀರು, ಕಕ್ಕಸು ಎಷ್ಟಿವೆ? ಕೈ ನಡುಗುತ್ತಿತ್ತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ವೇದಿಕೆಯಿಂದ, 'ಪುಣೆಯ ಇಂಜಿನಿಯರ್ ಸಾಹೇಬರು ಒಳ್ಳೆ ಪ್ರಶ್ನೆ ಕೇಳಿದ್ದಾರೆ, ಬರೆದು ಕೊಡಿ.' ನಗು.

ಬರೆದದ್ದು ಜೇಬಲ್ಲೇ ಇತ್ತು! ಫೋಂಡಾ ಅಣ್ಣ, ನಿಮಗೆ ಕೈ ಮುಗಿಯಬೇಕು. ಆಫೀಸಿನ ಗುಮಾಸ್ತರು ಆವಕ ನಂಬರ್ ಹಾಕಿ ಸೀಲು ಹೊಡೆದು ಕೊಟ್ಟರು. ಸೀಲು ಹೊಡೆಯುತ್ತಾ ಮೆಲ್ಲಗೆ, 'ಕಕ್ಕಸು ಒಂದೂ ಇಲ್ರೀ' ಅಂದರು.

ಹೊರಗೆ ಬಂದಾಗ ಪಂಚೆ ಉಟ್ಟ ಹಿರಿಯರೊಬ್ಬರು ನನ್ನ ಕೈಯಿಂದ ಬಿಲ್ ಇಸ್ಕೊಂಡು ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಕಡಿತದ ಸಾಲು ಯಾವುದು ಅಂತ ಬೆರಳಿಟ್ಟು ತೋರಿಸು ಅಂದರು. ತೋರಿಸಿದೆ. ಕಾಕಾ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ, ಬಾಕಿ ಬಡ್ಡಿ ಕೇಳಲಿಲ್ಲ ಅಂತ.

ಹಿಂಜವಡಿ ಹೈರಾಣ
ಅದೇ ರಾತ್ರಿ, 11.58

ಸಕ್ಕರೆ ತಂದ್ಯಾ?

ಚಿಂಚವಾಡದ ಚಿಕ್ಕೋಡಿಯವ
ಮರುದಿನ, ಬೆಳಿಗ್ಗೆ 7.10

ತಂದೆ. ಅರ್ಧ ನಿನಗೆ. ಅಕ್ಕ, ನವೆಂಬರ್‌ನಲ್ಲಿ ಹಂಗಾಮು ಶುರುವಾದ ಮೇಲೆ ಎರಡು ದಿನ ರಜೆ ಹಾಕಿ ನಮ್ಮ ಹೊಲದಲ್ಲಿ ಕಡಿಯುವ ದಿನ ಹೋಗಬೇಕು ಅಂತಿದ್ದೇನೆ. ಬಿಡಾರಕ್ಕೂ ಹೋಗುತ್ತೇನೆ. ಏನು ತಗೊಂಡು ಹೋಗಲಿ?

ತಾಂಡಾದ ಮಗಳು
ಮರುದಿನ, ಬೆಳಿಗ್ಗೆ 7.45

ಬಿಸ್ಕತ್ತು ಗಿಸ್ಕತ್ತು ಬೇಡ. ಫೋಟೋ ತೆಗೆಯಬೇಡಿ. ಸಾಯಂಕಾಲ ಗಾಡಿ ತುಂಬಿ ಹೋದ ಮೇಲೆ ಹೋಗಿ, ಮಧ್ಯಾಹ್ನ ಮಾತಾಡಿಸಿದರೆ ಅವರ ಕೆಲಸ ಕೆಡತ್ತೆ. ಹೆಂಗಸರ ಹೆಸರು ಕೇಳಿ, ಕೊಯ್ತಾ ನಂಬರ್ ಅಲ್ಲ. ಹೊಲಕ್ಕೆ ಚಪ್ಪಲಿ ಹಾಕ್ಕೊಂಡು ಇಳಿಯಬೇಡಿ ಅಣ್ಣ, ಬೂಟು ಇರಲಿ. ಕಡಿದ ಕಬ್ಬಿನ ಬುಡ ಈಟಿ ಥರ ಇರತ್ತೆ. ಅವ್ವನ ಎಡಗಾಲಲ್ಲಿ ಇನ್ನೂ ಗುರುತಿದೆ.